ಅಪ್ಪಯ್ಯನಿಗೆ ಫ್ಲಾರಿಡಾದಿಂದ

ತೀರ್ಥರೂಪ ಅಪ್ಪಯ್ಯನವರಿಗೆ ನಿಮ್ಮ ಮಗಳು ಸುಮಾ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯಕುಶಲೋಪರಿ.

ನಿಮ್ಮ ಪತ್ರ ತಲುಪಿತು. ನಾನೂ ಇಳಿಯಲು ಕಲಿಯುತ್ತಿರುವ ಇಲ್ಲಿನ ನೀರುಗುಹೆಯಲ್ಲಿ ಡೈವರ್ (ಮುಳುಗುಗಾರ) ಒಬ್ಬರು ತೀರಿಕೊಂಡ ಸುದ್ದಿ ಕೇಳಿದಾಗಿನಿಂದ ಅಮ್ಮನಿಗೆ ನಿದ್ರೆಯಿಲ್ಲ, ಬಿ.ಪಿ. ಏರಿದೆ ಎಂದು ತಿಳಿದು ಬಹಳ ಸಂಕಟವಾಯಿತು. ಸೂತಕ ಕಳೆಯುವ ಮೊದಲೇ ಅಪಘಾತದ ವಿವರಗಳನ್ನು ಎಲ್ಲರೆದುರು ಹರಡುವುದು ಯಾವ ಸಂಸ್ಕಾರ ಎಂದೂ ಕೇಳಿದ್ದೀರಿ. ಅಮ್ಮನಿಗೆ ಧೈರ್ಯ ಬರಬೇಕಾದರೆ ಇದಕ್ಕೆ ಮೊದಲು ಉತ್ತರ ಬರೆಯಬೇಕು.

ಈ ಗುಹೆಗಳಲ್ಲಿ ನೀರು ಗಾಜಿನಷ್ಟು ತಿಳಿಯಾಗಿರುತ್ತದೆ. ಆದರೆ ಕಾಲಿನ ಒಂದು ತಪ್ಪು ಬಡಿತಕ್ಕೆ ತಳದ ನುಣುಪು ಕೆಸರು ಎದ್ದರೆ ಕೈಯಲ್ಲಿ ಹಿಡಿದ ದೀಪವೇ ಕಾಣುವುದಿಲ್ಲ, ಮೇಲೆದ್ದು ಉಸಿರಾಡೋಣವೆಂದರೆ ತಲೆಯ ಮೇಲೆ ಬಂಡೆ. ಆಗ ಬಾಗಿಲವರೆಗೆ ಎಳೆದು ಕಟ್ಟಿದ ದಾರವೊಂದೇ ಗತಿ; ಅದಕ್ಕೆ ಸಿಕ್ಕಿಸಿದ ಪ್ಲಾಸ್ಟಿಕ್ ಬಾಣದ ಮೊನೆಯನ್ನು ಬೆರಳಿನಿಂದ ಸವರಿ, ಹೊರದಾರಿ ಯಾವ ಕಡೆಗೆಂದು ತಿಳಿಯಬೇಕು. ಉಸಿರಿನ ಗಾಳಿಯಲ್ಲಿ ಮೂರನೇ ಒಂದು ಪಾಲು ಒಳಗೆ ಹೋಗಲು, ಒಂದು ಪಾಲು ಹೊರಬರಲು, ಉಳಿದದ್ದು ಆಪತ್ತಿಗೆ. ಒಬ್ಬೊಬ್ಬರ ಬಳಿಯೂ ಮೂರು ದೀಪ ಇರಲೇಬೇಕು. ಈ ನಿಯಮಗಳನ್ನು ಯಾರೂ ಕೂತಲ್ಲೇ ಊಹಿಸಿ ಬರೆದಿಲ್ಲ. ಷೆಕ್ ಎಕ್ಸ್‌ಲೀ ಎಂಬ ಇಲ್ಲಿನ ಹಿರಿಯ ಗುಹೆ ಡೈವರ್ ಹಿಂದಿನ ಸಾವುಗಳನ್ನು ಒಂದೊಂದಾಗಿ ಬಿಡಿಸಿ ನೋಡಿ, ದಾರ ಇರಲಿಲ್ಲ, ಮರಳಲು ಗಾಳಿ ಉಳಿಸಿಕೊಂಡಿರಲಿಲ್ಲ, ಅತಿ ಆಳಕ್ಕೆ ಇಳಿದಿದ್ದರು ಎಂಬ ಕಾರಣಗಳನ್ನು 1979ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. 1994ರಲ್ಲಿ ಅವರೇ ಮೆಕ್ಸಿಕೋದ ಸಕತೋನ್ ಎಂಬ ಆಳವಾದ ನೀರುಗುಂಡಿಯಲ್ಲಿ ತೀರಿಕೊಂಡಾಗ ಒಡನಾಡಿಗಳು ಅವರ ಸಾವಿನ ಕಾರಣವನ್ನೂ ಹುಡುಕಿ ಬರೆದರು. ಅದನ್ನು ಯಾರೂ ಅವಮಾನವೆಂದು ತಿಳಿಯಲಿಲ್ಲ.

ಮನೆಯವರಿಗೆ ಸುದ್ದಿ ಮುಟ್ಟುವವರೆಗೆ ಹೆಸರು ಹೇಳಬಾರದು, ಕಂಡದ್ದನ್ನೂ ಊಹಿಸಿದ್ದನ್ನೂ ಬೆರೆಸಬಾರದು ಎಂಬ ಮಾತಿನಲ್ಲಿ ನನಗೂ ನಿಷ್ಠೆಯಿದೆ. ಆದರೆ ಕೋರ್ಟಿಗೋ ನಿಂದೆಗೋ ಹೆದರಿ ಜೊತೆಗಿದ್ದವರು ಬಾಯಿ ಮುಚ್ಚಿಕೊಂಡರೆ ಆ ಜಾಗವನ್ನು ಗಾಳಿಮಾತು ತುಂಬುತ್ತದೆ, ಮುಂದಿನವನು ಅದೇ ತಪ್ಪಿಗೆ ಬಲಿಯಾಗುತ್ತಾನೆ. ನಮ್ಮ ತುಂಗೆಯ ಮಡುವಿನಲ್ಲಿ ಹುಡುಗರು ಮುಳುಗಿ ಹೋದಾಗಲೆಲ್ಲ ಹಣೆಬರಹ ಎಂದು ಸುಮ್ಮನಾಗುತ್ತೇವೆಯೇ ಹೊರತು, ಯಾವ ಬಂಡೆಯ ಪಕ್ಕ ಸುಳಿಯಿತ್ತು, ಮೇಲೆ ಮಳೆಯಾಗಿ ಹೊಳೆ ಏರಿತ್ತೇ ಎಂದು ಪಕ್ಕದ ಊರಿನ ಮಕ್ಕಳಿಗೆ ಹೇಳುವವರಿಲ್ಲ. ನೀವು ಹಿರಿಯರು, ಶಾಲೆಯಲ್ಲಿ ಒಮ್ಮೆ ಹೇಳಿದರೆ ಮಕ್ಕಳು ಕೇಳುತ್ತಾರೆ.

ಇಲ್ಲಿನ ಗುಹೆಗಳ ಬಾಯಲ್ಲಿ ಯಮನಂಥ ಅಸ್ಥಿಪಂಜರದ ಚಿತ್ರವಿರುವ ಫಲಕ ನೆಟ್ಟು, ತರಬೇತಿಯಿಲ್ಲದವರು ಮುಂದೆ ಹೋಗಬೇಡಿ, ಪ್ರಾಣ ಕೊಟ್ಟು ನೋಡುವಂಥದ್ದು ಒಳಗೆ ಏನೂ ಇಲ್ಲ ಎಂದು ಬರೆದಿದ್ದಾರೆ. ನೀರೊಳಗೂ ಬೋರ್ಡ್ ಹಾಕುವ ಈ ಜನರ ಕಾಳಜಿ ನನಗೆ ಬಹಳ ಮೆಚ್ಚುಗೆ. ನಾನು ಒಂಟಿಯಾಗಿ ಇಳಿಯುವುದಿಲ್ಲ, ಗುರುಗಳು ಒಪ್ಪದೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ, ಸ್ವಲ್ಪ ನೆಗಡಿಯಿದ್ದರೂ ದಡದಲ್ಲೇ ಇರುತ್ತೇನೆ, ಸಾಮಾನುಗಳನ್ನು ಇವರೂ ಇನ್ನೊಮ್ಮೆ ನೋಡುತ್ತಾರೆ. ಎಳ್ಳಷ್ಟೂ ಭಯ ಬೇಡ ಎಂದು ಅಮ್ಮನಿಗೆ ದಯವಿಟ್ಟು ಓದಿ ಹೇಳಿ. ಬಿ.ಪಿ. ಮಾತ್ರೆ ತಪ್ಪಿಸಕೂಡದು, ಉಪ್ಪಿನಕಾಯಿ ಕಡಿಮೆ ಮಾಡಲಿ, ಶಿವಮೊಗ್ಗದ ಡಾಕ್ಟರರಿಗೆ ಈ ವಾರವೇ ತೋರಿಸಿ, ಹಣ ಕಳಿಸಿದ್ದೇನೆ.

ಕೆಲಸಕ್ಕೆ ಹೊತ್ತಾಯಿತು, ಉಳಿದದ್ದು ಭಾನುವಾರ ಫೋನಿನಲ್ಲಿ. ಅಜ್ಜಿಗೆ ನಮಸ್ಕಾರ, ಪುಟ್ಟನಿಗೆ ಆಶೀರ್ವಾದ.

ಇತಿ ನಿಮ್ಮ ಮಗಳು,
ಸುಮಾ