"ನಿಲ್ಲಿಸುವಂತಿಲ್ಲ" ಎಂದು ಬರೆದೆಯಲ್ಲ

ಕಳಸ, ಚಿಕ್ಕಮಗಳೂರು ಜಿಲ್ಲೆ

ಚಿ. ಸಂಧ್ಯಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆಯ ಸುದ್ದಿಯನ್ನೆಲ್ಲ ನಿನ್ನ ಅಮ್ಮ ಹೇಳಿರುತ್ತಾಳೆ. ನೀನು ಬರೆದ ಒಂದು ಮಾತು ಮಾತ್ರ ನನಗೆ ನಿದ್ದೆ ಕೊಡುತ್ತಿಲ್ಲ. "ಈ ಕೃತಕ ಬುದ್ಧಿಮತ್ತೆ ಏಕೆ ಹೀಗೆ ಉತ್ತರಿಸುತ್ತದೆ ಎಂದು ಕಟ್ಟುವ ನಮಗೇ ಪೂರ್ತಿ ತಿಳಿಯದು ದೊಡ್ಡಪ್ಪ. ಆದರೂ ನಿಲ್ಲಿಸುವಂತಿಲ್ಲ, ನಾವು ನಿಂತರೆ ಇನ್ನೊಬ್ಬರು ಮುಂದೆ ಹೋಗುತ್ತಾರೆ."

ತಿಳಿಯದು ಎಂಬುದಕ್ಕಿಂತ ನಿಲ್ಲಿಸುವಂತಿಲ್ಲ ಎಂಬುದೇ ನನ್ನನ್ನು ಹೆದರಿಸಿತು. ಕುದುರೆಮುಖದ ಗಣಿಯ ಬಗ್ಗೆಯೂ ಯೌವನವಿಡೀ ಇದನ್ನೇ ಕೇಳಿದವನು ನಾನು. ದೇಶಕ್ಕೆ ಅದಿರಿನ ಹಣ ಬೇಕು, ಸಾವಿರಾರು ಜನರ ಅನ್ನ ಅದು, ಯಾರು ತಡೆಯುತ್ತಾರೆ ಎನ್ನುತ್ತಿದ್ದರು. ಮಳೆಗಾಲದಲ್ಲಿ ಭದ್ರೆ ಹೂಳು ಹೊತ್ತು ಕೆಂಪಾಗಿ ಹರಿಯುತ್ತಿದ್ದಳು. 2002ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು, 2005ರ ಕೊನೆಗೆ ಗಣಿ ನಿಂತೇ ನಿಂತಿತು. ಅಷ್ಟು ತಡವಾಯಿತಲ್ಲ ಎಂಬ ಕೊರಗು ನನಗಿನ್ನೂ ಇದೆ. ಅಗೆದ ಗುಡ್ಡವನ್ನು ಯಾವ ತೀರ್ಪೂ ಮರಳಿಸಲಿಲ್ಲ. ಕೆಲಸ ಹೋಗಿ ಊರು ಬಿಟ್ಟ ಗೆಳೆಯರೂ ಮರಳಲಿಲ್ಲ. ಮೊದಲೇ ನಿಧಾನಿಸಿದ್ದರೆ ಅವರಿಗೂ ಬೇರೆ ದಾರಿ ಹುಡುಕಲು ಸಮಯವಿರುತ್ತಿತ್ತು.

ನಿನ್ನ ಕ್ಷೇತ್ರದಲ್ಲೂ ನಿಧಾನಿಸಿ ಎಂದು ಹೇಳಿದವರಿದ್ದಾರೆ. 2023ರ ಮಾರ್ಚ್‌ನಲ್ಲಿ ಅನೇಕ ತಜ್ಞರು, ಓಪನ್‌ಎಐ ಕಂಪನಿಯ ಜಿಪಿಟಿ-4 ಎಂಬ ಕೃತಕ ಬುದ್ಧಿಮತ್ತೆಗಿಂತ ಬಲವಾದವುಗಳ ತರಬೇತಿಯನ್ನು ಕನಿಷ್ಠ 6 ತಿಂಗಳು ತಡೆಹಿಡಿಯಿರಿ ಎಂದು ಬಹಿರಂಗ ಪತ್ರ ಬರೆದರು. ಓಟ ನಿಲ್ಲಲಿಲ್ಲ. ಈ ವಿದ್ಯೆಗೆ ತಳಹದಿ ಹಾಕಿದವರಲ್ಲಿ ಒಬ್ಬರಾದ ಜೆಫ್ರಿ ಹಿಂಟನ್, ಅಪಾಯದ ಬಗ್ಗೆ ಮುಕ್ತವಾಗಿ ಮಾತಾಡಬೇಕೆಂದು ಅದೇ ವರ್ಷ ಗೂಗಲ್ ಬಿಟ್ಟರು. ಇನ್ನೊಬ್ಬರು ಮುಂದೆ ಹೋಗುತ್ತಾರೆ ಎಂದೆಯಲ್ಲ, ಆ ನವೆಂಬರಿನಲ್ಲಿ ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕಿನಲ್ಲಿ ಕೃತಕ ಬುದ್ಧಿಮತ್ತೆಯ ಸುರಕ್ಷತೆಯ ಬಗ್ಗೆ ಹೊರಟ ಘೋಷಣೆಗೆ ಅಮೆರಿಕವೂ ಚೀನಾವೂ ಒಟ್ಟಿಗೆ ಒಪ್ಪಿದವು, ಭಾರತವೂ ಇತ್ತು. ಬರಿಯ ಘೋಷಣೆ, ನಿಜ. ಆದರೆ ಕೃತಕ ಬುದ್ಧಿಮತ್ತೆಯ ಬಗೆಗಿನ ಯುರೋಪಿನ ಕಾನೂನು 2024ರ ಆಗಸ್ಟ್‌ನಲ್ಲಿ ಜಾರಿಗೆ ಬಂದಿದೆ. ಇದನ್ನು ಕಟ್ಟಲು ಬೇಕಾದ ಅತಿ ಮುಂದುವರಿದ ಚಿಪ್‌ಗಳನ್ನು ತಯಾರಿಸುವ ಕಂಪನಿಗಳೂ ಬೆರಳೆಣಿಕೆಯಷ್ಟೇ. ಮನಸ್ಸಿದ್ದರೆ ಆ ಚಿಪ್‌ಗಳು ಯಾರ ಕೈಗೆ ಹೋಗುತ್ತವೆ ಎಂದು ಲೆಕ್ಕವಿಡಬಹುದು, ಹೊರಗಿನವರು ಪರೀಕ್ಷಿಸಿದ ಮೇಲೆಯೇ ಮುಂದಿನದನ್ನು ಕಟ್ಟಿ ಎನ್ನಬಹುದು.

ನಿನ್ನ ಕಚೇರಿಯ ಒಳಗು ನಾನರಿಯೆ, ಅಧಿಕಪ್ರಸಂಗವಾದರೆ ಕ್ಷಮಿಸು. ಸಂದೇಹ ಬಂದಾಗ ಬಾಯಿಮಾತಿನಲ್ಲಿ ಬಿಡದೆ ಬರೆದು ಕೊಡು, ದಿನಾಂಕ ಹಾಕು. ಕೆಲಸ ಬಿಡು ಎನ್ನಲಾರೆ, ನಿನ್ನ ಮನೆ ಸಾಲ ಗೊತ್ತು. ನಿನ್ನಂತೆಯೇ ಹೆದರಿದವರು ಅಲ್ಲಿ ಇನ್ನೂ ಇರಬಹುದು, ವಿಚಾರಿಸಿ ನೋಡು. ನಿಲ್ಲಿಸುವಂತಿಲ್ಲ ಎಂದು ಇನ್ನು ಯಾರಾದರೂ ಹೇಳಿದರೆ, ಹಾಗೆಂದು ತೀರ್ಮಾನಿಸಿದವರು ಯಾರು ಎಂದು ಕೇಳು. ಅವರು ಏನು ಉತ್ತರಿಸಿದರು ಎಂದು ನನಗೂ ಬರೆ.

ನಿನ್ನ ದೊಡ್ಡಪ್ಪ