ಜಾಗಕ್ಕೆ ಹಣ ಕೊಡಿ, ಇಲ್ಲವಾದರೆ ನಕ್ಷೆಯ ಗೆರೆ ಅಳಿಸಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಹೊರವಲಯದ ರಸ್ತೆಗಳು ವರ್ಷಾನುಗಟ್ಟಲೆ ಅಗಲವಾಗದೆ ಉಳಿದಿರುವುದಕ್ಕೆ ಅಕ್ಕಪಕ್ಕದ ಜಾಗದ ಮಾಲೀಕರ ಹಟವೇ ಕಾರಣ ಎಂಬ ಧಾಟಿಯ ಪತ್ರಗಳು ನಿಮ್ಮ ವಾಚಕರ ಅಂಕಣದಲ್ಲಿ ಆಗಾಗ ಪ್ರಕಟವಾಗುತ್ತಿವೆ. ಭೂಮಾಪನದ ಕೆಲಸದಲ್ಲಿ ಬಹುಕಾಲ ದುಡಿದು ನಿವೃತ್ತನಾಗಿ, ಈಗ ವರ್ತೂರು ಹೋಬಳಿಯಲ್ಲಿ ವಾಸವಾಗಿರುವ ನನಗೆ ಈ ವಾದ ಅರ್ಧ ಸತ್ಯವೆಂದು ತೋರುತ್ತದೆ. ಪಣತ್ತೂರು, ಬಳಗೆರೆ, ಗುಂಜೂರಿನ ರಸ್ತೆಗಳಿರಲಿ, ಜೇಡಿಮರದಿಂದ ಮುಂದಕ್ಕೆ ಹೋಗುವ ಬನ್ನೇರುಘಟ್ಟ ರಸ್ತೆಯಿರಲಿ, ಕೆಲಸ ನಿಂತ ಕಡೆಗಳಲ್ಲೆಲ್ಲ ಒಂದೇ ಸಂಗತಿ ಕಾಣುತ್ತದೆ: ಸರ್ಕಾರಕ್ಕೆ ಜಾಗ ಬೇಕು, ಆದರೆ ಅದಕ್ಕೆ ನಗದು ಹಣ ಕೊಡುವ ಮನಸ್ಸಿಲ್ಲ.

ರಸ್ತೆ ಅಗಲ ಮಾಡಲೆಂದು ನಕ್ಷೆಯಲ್ಲಿ ಎಳೆದ ಗೆರೆಗಳು ಎಲ್ಲಿಂದ ಬಂದವೆಂಬುದನ್ನು ಮೊದಲು ನೋಡೋಣ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಸಿದ್ಧಪಡಿಸಿದ, 2015ನ್ನು ಗುರಿಯಾಗಿಟ್ಟುಕೊಂಡ ಪರಿಷ್ಕೃತ ಮಾಸ್ಟರ್ ಪ್ಲಾನ್‌ಗೆ ಸರ್ಕಾರದ ಅನುಮೋದನೆ ದೊರೆತದ್ದು 2007ರಲ್ಲಿ. ಅದರ ಮುಂದಿನದಾದ 2031ರ ಕರಡು 2017ರ ನವೆಂಬರ್‌ನಲ್ಲಿ ಪ್ರಕಟವಾಗಿ, ಸಾವಿರಾರು ಆಕ್ಷೇಪಣೆಗಳು ಬಂದು, 2020ರಲ್ಲಿ ವಾಪಸಾಯಿತು. ಹೀಗಾಗಿ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿಕೊಂಡು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಹುಟ್ಟಿದ ವರ್ಷದಲ್ಲಿ ಒಪ್ಪಿಗೆಯಾದ ನಕ್ಷೆಯ ಗೆರೆಗಳೇ, ಆ ಪಾಲಿಕೆಯೇ ಇಲ್ಲವಾದ ಈ ಹೊತ್ತಿಗೂ ನಮ್ಮ ಮನೆ, ಅಂಗಡಿ, ತೋಟಗಳ ಮೇಲೆ ಹಾದುಹೋಗಿವೆ. ಆ ಗೆರೆಗಳನ್ನು ಎಳೆದವರು ಹಳ್ಳಿಯ ಬಂಡಿದಾರಿಗಳ ಮೇಲೆಯೇ ಅಗಲವಾದ ರಸ್ತೆಗಳನ್ನು ಗುರುತಿಸಿ, ಜಾಗ ಹೇಗೋ ಸಿಗುತ್ತದೆ ಎಂದುಕೊಂಡರು. 2009ರ ಸುಮಾರಿಗೆ ಪಾಲಿಕೆ 216 ರಸ್ತೆಗಳನ್ನು ಅಗಲ ಮಾಡುವ ದೊಡ್ಡ ಪಟ್ಟಿಯನ್ನೇ ಹೊರಡಿಸಿದಾಗ ಎದ್ದ ಪ್ರತಿಭಟನೆಗಳನ್ನು ಹಳೆಯ ಓದುಗರು ಮರೆತಿರಲಾರರು.

ಅಗಲೀಕರಣದ ಗೆರೆಯೊಳಗೆ ಸಿಕ್ಕಿದ ಜಾಗದ ಪಾಡೇನು? ಅಲ್ಲಿ ಹೊಸದಾಗಿ ಕಟ್ಟುವಂತಿಲ್ಲ. ನಕ್ಷೆ ಮಂಜೂರಾತಿಗೆ ಹೋದರೆ ಆ ಭಾಗವನ್ನು ಬಿಟ್ಟುಕೊಡುವ ಪ್ರಶ್ನೆ ಮೊದಲು ಏಳುತ್ತದೆ. ಕೊಳ್ಳಲು ಬಂದವರು ಗೆರೆಯ ಸುದ್ದಿ ಕೇಳಿ ಬೆಲೆ ತಗ್ಗಿಸುತ್ತಾರೆ, ಬ್ಯಾಂಕಿನವರು ಸಾಲ ಕೊಡಲು ಹಿಂದೆಮುಂದೆ ನೋಡುತ್ತಾರೆ. ತೆರಿಗೆಯನ್ನು ಮಾತ್ರ ಪೂರ್ತಿ ಕಟ್ಟಬೇಕು. ರಸ್ತೆಯೂ ಬರಲಿಲ್ಲ, ಪರಿಹಾರವೂ ಬರಲಿಲ್ಲ, ಜಾಗವೂ ಕೈಯಲ್ಲಿದ್ದೂ ಇಲ್ಲದಂತಾಯಿತು. ಇಂಥ ಸ್ಥಿತಿಯಲ್ಲಿ ಹದಿನೈದಿಪ್ಪತ್ತು ವರ್ಷ ಕಳೆದ ಕುಟುಂಬವೊಂದು ಗೋಡೆಯ ಮೇಲೆ ಕೆಂಪು ಬಣ್ಣದ ಗುರುತು ಹಾಕಲು ಬಂದವರನ್ನು ತಡೆದರೆ, ಅದನ್ನು ಅಭಿವೃದ್ಧಿ ವಿರೋಧವೆಂದು ಕರೆಯುವುದಕ್ಕೆ ಮೊದಲು ಸ್ವಲ್ಪ ಯೋಚಿಸಬೇಕು. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 69ನೇ ಕಲಂನಲ್ಲೇ, ಸಾರ್ವಜನಿಕ ಉದ್ದೇಶಕ್ಕೆಂದು ಯೋಜನೆಯಲ್ಲಿ ಗುರುತಿಸಿದ ಜಾಗವನ್ನು ಐದು ವರ್ಷಗಳೊಳಗೆ ಪಡೆಯದಿದ್ದರೆ ಅಥವಾ ಸ್ವಾಧೀನದ ಪ್ರಕ್ರಿಯೆಯನ್ನಾದರೂ ಆರಂಭಿಸದಿದ್ದರೆ ಆ ಗುರುತು ರದ್ದಾಗುತ್ತದೆಂಬ ತತ್ವವಿದೆ. ಉದ್ಯಾನವನಕ್ಕೆಂದು ಗುರುತಿಸಿದ ಜಾಗಗಳ ಮಾಲೀಕರಲ್ಲಿ ಅನೇಕರು ಹೈಕೋರ್ಟಿಗೆ ಹೋಗಿ ಇದೇ ಕಲಮಿನ ಆಧಾರದ ಮೇಲೆ ಆದೇಶ ಪಡೆದಿದ್ದಾರೆ. ವಕೀಲರಿಗೆ ಹಣ ತೆರುವ ಶಕ್ತಿಯುಳ್ಳವರು ಹೀಗೆ ಪಾರಾಗುತ್ತಾರೆ. ಹತ್ತು ಅಡಿ ಅಗಲದ ಅಂಗಡಿಯನ್ನೇ ನಂಬಿದವರು ಗೆರೆಯ ಕೆಳಗೇ ಉಳಿಯುತ್ತಾರೆ.

ಹಣದ ಬದಲಿಗೆ ಸರ್ಕಾರ ಕೊಡುವುದು ಟಿಡಿಆರ್, ಅಂದರೆ ವರ್ಗಾಯಿಸಬಹುದಾದ ಅಭಿವೃದ್ಧಿ ಹಕ್ಕು (ನಿಗದಿತ ಮಿತಿಗಿಂತ ಹೆಚ್ಚು ಕಟ್ಟಲು ಬಳಸಬಹುದಾದ, ಇಲ್ಲವೇ ಬೇರೆಯವರಿಗೆ ಮಾರಬಹುದಾದ ಹಕ್ಕು). ಕಾಗದದ ಮೇಲೆ ಇದು ಉದಾರವಾಗಿಯೇ ಕಾಣುತ್ತದೆ: ಬಿಟ್ಟುಕೊಟ್ಟ ಜಾಗದ ಎರಡು ಪಟ್ಟು ವಿಸ್ತೀರ್ಣಕ್ಕೆ ಹಕ್ಕುಪತ್ರ ಸಿಗುತ್ತದೆ. ಆದರೆ 30x40 ಅಡಿಯ ನಿವೇಶನದವನ ಲೆಕ್ಕವನ್ನು ನೋಡಿ. ರಸ್ತೆಯ ಕಡೆಯ 30 ಅಡಿ ಉದ್ದಕ್ಕೂ 10 ಅಡಿ ಹೋದರೆ ಅವನು ಕಳೆದುಕೊಳ್ಳುವುದು 300 ಚದರ ಅಡಿ, ಪಡೆಯುವುದು 600 ಚದರ ಅಡಿಯ ಹಕ್ಕುಪತ್ರ. ಉಳಿದ 900 ಚದರ ಅಡಿಯಲ್ಲಿ ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ) ಬಿಟ್ಟು ಕಟ್ಟುವಾಗ ಆ 600 ಅಡಿಯನ್ನು ಎಲ್ಲಿ ಬಳಸುತ್ತಾನೆ? ಮಾರಬೇಕು. ಕೊಳ್ಳುವವರು ದೊಡ್ಡ ಬಿಲ್ಡರ್‌ಗಳು, ಅವರಿಗೆ ಇಂಥ ಚಿಲ್ಲರೆ ತುಂಡುಗಳ ಗೊಡವೆ ಬೇಡ. ನಡುವೆ ದಲ್ಲಾಳಿ ಬರುತ್ತಾನೆ, ಹತ್ತಾರು ತುಂಡುಗಳನ್ನು ಅಗ್ಗಕ್ಕೆ ಕೊಂಡು ಒಟ್ಟುಗೂಡಿಸುತ್ತಾನೆ, ಲಾಭ ಅಲ್ಲಿಗೆ ಸೇರುತ್ತದೆ. ಸಾಲದೆಂಬಂತೆ ಸರ್ಕಾರವೇ ಪ್ರೀಮಿಯಂ ಎಫ್‌ಎಆರ್ ಹೆಸರಿನಲ್ಲಿ ಹೆಚ್ಚುವರಿ ಕಟ್ಟಡದ ಹಕ್ಕನ್ನು ನೇರವಾಗಿ ಮಾರಲು ಹೊರಟರೆ, ಈ ಹಕ್ಕುಪತ್ರವನ್ನು ಕೊಳ್ಳುವವರಾದರೂ ಯಾರು?

ಟಿಡಿಆರ್ ಬಗ್ಗೆ ಜನರಿಗಿರುವ ಅಪನಂಬಿಕೆಗೆ ಇತಿಹಾಸವೂ ಇದೆ. 2019ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ ನಗರದ ಪೂರ್ವ ಭಾಗದ ರಸ್ತೆ ಅಗಲೀಕರಣಕ್ಕೆ ಸಂಬಂಧಿಸಿದ ಟಿಡಿಆರ್ ಅಕ್ರಮಗಳ ತನಿಖೆಗಿಳಿಯಿತು. (ಆ ದಳವೇ 2022ರಲ್ಲಿ ಹೈಕೋರ್ಟ್ ತೀರ್ಪಿನಿಂದ ರದ್ದಾದದ್ದು ಬೇರೆ ಕಥೆ.) ಇನ್ನೊಂದು ಕಡೆ, ಬಳ್ಳಾರಿ ರಸ್ತೆ ಮತ್ತು ಜಯಮಹಲ್ ರಸ್ತೆಯ ಅಗಲೀಕರಣಕ್ಕೆ ಅರಮನೆ ಮೈದಾನದ 15 ಎಕರೆ 39 ಗುಂಟೆ ಬೇಕಾದಾಗ ಅದರ ಟಿಡಿಆರ್ ಮೌಲ್ಯ 3,000 ಕೋಟಿ ರೂಪಾಯಿ ದಾಟಿತು. ಆ ಟಿಡಿಆರ್ ಕೊಡಬೇಕೆಂಬ ಸುಪ್ರೀಂ ಕೋರ್ಟಿನ ಆದೇಶದ ನಂತರ ಸರ್ಕಾರ ಗಾಬರಿಗೊಂಡು, ಆ ಭಾರ ತಪ್ಪಿಸಿಕೊಳ್ಳಲು 2025ರ ಜನವರಿಯಲ್ಲಿ ಸುಗ್ರೀವಾಜ್ಞೆಯ ಹಾದಿ ಹಿಡಿಯಿತು. ಅರಮನೆಯ ವಿಚಾರದ ನ್ಯಾಯಾನ್ಯಾಯ ಇಲ್ಲಿ ನನ್ನ ವಿಷಯವಲ್ಲ. ದೊಡ್ಡವರ ಜಾಗಕ್ಕೆ ಬಂದಾಗ ಟಿಡಿಆರ್ ಎಂಬುದು ಖಜಾನೆಗೇ ಭಾರವೆಂದು ಕಂಡ ಸರ್ಕಾರಕ್ಕೆ, ಚಿಕ್ಕವರಿಗೆ ಕೊಡುವಾಗ ಅದೇ ಪತ್ರ ಸಾಕಷ್ಟು ಪರಿಹಾರವೆಂದು ಹೇಗೆ ತೋರುತ್ತದೆ ಎಂಬುದಷ್ಟೇ ನನ್ನ ಪ್ರಶ್ನೆ.

ನಗದು ಪರಿಹಾರಕ್ಕೆ ಕಾನೂನಿಲ್ಲವೆಂದು ಯಾರೂ ಹೇಳುವಂತಿಲ್ಲ. 2014ರ ಜನವರಿ 1ರಿಂದ ಜಾರಿಯಲ್ಲಿರುವ 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಮಾರುಕಟ್ಟೆ ಮೌಲ್ಯದ ಮೇಲೆ ಶೇ 100ರಷ್ಟು ಸಾಂತ್ವನ ಮೊತ್ತ ಸೇರಬೇಕು. ಸಂವಿಧಾನದ 300ಎ ವಿಧಿ, ಕಾನೂನಿನ ಆಧಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯಬಾರದು ಎನ್ನುತ್ತದೆ. 2024ರ ಮೇ ತಿಂಗಳಲ್ಲಿ ಕೋಲ್ಕತ್ತ ಮಹಾನಗರ ಪಾಲಿಕೆಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದೇ ವಿಧಿಯನ್ನು ವಿವರಿಸುತ್ತ, ನೋಟಿಸ್ ಪಡೆಯುವುದು, ಆಕ್ಷೇಪಣೆ ಹೇಳಿಕೊಳ್ಳುವುದು, ಕಾರಣ ಸಹಿತ ತೀರ್ಮಾನ, ಸಾರ್ವಜನಿಕ ಉದ್ದೇಶದ ಸಮರ್ಥನೆ, ನ್ಯಾಯಯುತ ಪರಿಹಾರ, ತ್ವರಿತ ಪ್ರಕ್ರಿಯೆ ಮತ್ತು ಪ್ರಕ್ರಿಯೆಯ ಮುಕ್ತಾಯ ಎಂದು ಏಳು ಹಕ್ಕುಗಳನ್ನು ಗುರುತಿಸಿದೆ. ನಮ್ಮ ಹೊರವಲಯದ ಅಗಲೀಕರಣಗಳನ್ನು ಈ ಏಳರ ಮುಂದಿಟ್ಟರೆ ಎಷ್ಟು ನಿಲ್ಲುತ್ತವೆಂದು ಓದುಗರೇ ಊಹಿಸಬಹುದು. ಹಣವಿಲ್ಲವೆಂಬ ಮಾತನ್ನೂ ನಾನು ಸುಲಭವಾಗಿ ನಂಬಲಾರೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುಮಾರು 17 ಕಿಲೋಮೀಟರ್ ಸುರಂಗ ರಸ್ತೆಗೆ 17,000 ಕೋಟಿಗೂ ಮೀರಿದ ಅಂದಾಜು ಮಾಡಿದ ಸರ್ಕಾರವೇ ಇದು. ಮಹದೇವಪುರ ಭಾಗ ಆಸ್ತಿ ತೆರಿಗೆಯ ವಸೂಲಿಯಲ್ಲಿ ನಗರಕ್ಕೇ ಮೊದಲಾಗಿ ನಿಲ್ಲುತ್ತ ಬಂದಿದೆ. ಆ ತೆರಿಗೆಯ ಒಂದು ಪಾಲನ್ನು ಅದೇ ಭಾಗದ ರಸ್ತೆಗೆ ಜಾಗ ಬಿಟ್ಟವರಿಗೆ ಕೊಡುವುದರಲ್ಲಿ ಅನ್ಯಾಯವೇನೂ ಕಾಣದು.

ಇಷ್ಟು ಹೇಳಿದ ಮೇಲೆ ಮಾಲೀಕರ ಪರವಾಗಿಯೇ ಮಾತನಾಡಿದೆನೆಂಬ ಆಕ್ಷೇಪ ಬರಬಹುದು. ಹಾಗಾಗಿ ಇನ್ನೊಂದು ಮುಖವನ್ನೂ ಹೇಳಬೇಕು. ರಸ್ತೆಯ ಅಂಚಿನಲ್ಲಿರುವ ಪ್ರತಿಯೊಂದು ಕಟ್ಟಡವೂ ಸ್ವಂತ ಜಾಗದಲ್ಲಿದೆ ಎಂದು ಭಾವಿಸಬೇಕಿಲ್ಲ. ಗ್ರಾಮ ನಕಾಶೆಯಲ್ಲಿ ಕಾಲುದಾರಿಯನ್ನು ಒಂದು ಚುಕ್ಕಿ ಗೆರೆಯಿಂದಲೂ ಬಂಡಿದಾರಿಯನ್ನು ಎರಡು ಚುಕ್ಕಿ ಗೆರೆಗಳಿಂದಲೂ ತೋರಿಸುವುದು ವಾಡಿಕೆ. ಆಕಾರಬಂದಿನಲ್ಲಿ (ಸರ್ವೆ ನಂಬರುವಾರು ವಿಸ್ತೀರ್ಣದ ದಾಖಲೆ) 'ಬಿ' ಖರಾಬು, ಅಂದರೆ ಸಾಗುವಳಿಗೆ ಸೇರದ ಸಾರ್ವಜನಿಕ ಬಳಕೆಯ ಜಾಗ, ಎಂದು ದಾಖಲಾದ ದಾರಿ, ಹಳ್ಳ, ಕಾಲುವೆಗಳು ಸಾರ್ವಜನಿಕರವು, ಅವಕ್ಕೆ ಪರಿಹಾರ ಕೇಳುವ ಹಕ್ಕು ಯಾರಿಗೂ ಇಲ್ಲ. 33 ಅಡಿಯ ಸರಪಳಿ ಹಿಡಿದು, ಕಲ್ಲಿನಿಂದ ಕಲ್ಲಿಗೆ ಅಳೆದು ಬರೆದ ಹಳೆಯ ಟಿಪ್ಪಣಿ ಪುಸ್ತಕಗಳಲ್ಲಿ ಇದರ ಪೂರ್ಣ ವಿವರವಿದೆ. ಜಮೀನು ನಿವೇಶನವಾಗಿ, ರೆವಿನ್ಯೂ ಬಡಾವಣೆಯಾಗಿ ಕೈ ಬದಲಾಗುತ್ತ ಹೋದಂತೆ ಖರಾಬು ಭಾಗವನ್ನೂ ಸೇರಿಸಿ ಮಾರಿದವರಿದ್ದಾರೆ, ಗೊತ್ತಿದ್ದೂ ಕೊಂಡವರಿದ್ದಾರೆ, ಮೋಸಹೋದವರಂತೂ ಬಹಳ. ಇಂಥ ಕಡೆ ಪಟ್ಟಾ (ಖಾಸಗಿ ಒಡೆತನದ) ಜಾಗ ಯಾವುದು, ಒತ್ತುವರಿ ಯಾವುದು ಎಂದು ಬಿಡಿಸದೆ ಒಟ್ಟಾಗಿ ಮಾರ್ಕಿಂಗ್ ಮಾಡುವುದರಿಂದ ಒತ್ತುವರಿದಾರನು ನಿಜವಾದ ಮಾಲೀಕನ ಬೆನ್ನ ಹಿಂದೆ ಅಡಗಿಕೊಳ್ಳುತ್ತಾನೆ, ಇಬ್ಬರೂ ಒಂದೇ ತಡೆಯಾಜ್ಞೆಯ ನೆರಳಲ್ಲಿ ನಿಲ್ಲುತ್ತಾರೆ. ಪಾಲಿಕೆಯ ಎಂಜಿನಿಯರು, ತಾಲ್ಲೂಕಿನ ಸರ್ವೆಯರು, ಮಾಲೀಕರು ಮೂವರೂ ನಿಂತು ಜಂಟಿ ಸರ್ವೆ ನಡೆಸಿ, ಸರ್ವೆ ನಂಬರುವಾರು ಸ್ಕೆಚ್ಚಿಗೆ ಮೂವರೂ ಸಹಿ ಹಾಕಿದರೆ ವ್ಯಾಜ್ಯದ ದೊಡ್ಡ ಪಾಲು ಅಲ್ಲಿಯೇ ಕರಗುತ್ತದೆಂಬುದು ನನ್ನ ವೃತ್ತಿಯ ಅನುಭವ. ಇದು ಟೆಂಡರಿಗೆ ಮೊದಲು ಆಗಬೇಕಾದ ಕೆಲಸ. ನಮ್ಮಲ್ಲಿ ಟೆಂಡರು ಮುಗಿದು, ಗುತ್ತಿಗೆದಾರ ಜಲ್ಲಿ ಸುರಿದ ನಂತರ ಸರ್ವೆಯರನ್ನು ಹುಡುಕುತ್ತಾರೆ.

ಜಾಗ ಸಿಕ್ಕ ಕಡೆಯಲ್ಲಾದರೂ ಆಗುವುದೇನು? ನಡುನಡುವೆ ತುಂಡುತುಂಡಾಗಿ ಅಗಲವಾದ ರಸ್ತೆ, ಮುಂದಿನ ತಿರುವಿನಲ್ಲಿ ಮತ್ತೆ ಹಳೆಯ ಬಂಡಿದಾರಿಯ ಅಳತೆಗೆ ಕುಗ್ಗುತ್ತದೆ. ಚರಂಡಿಗೆ ಇಳಿಜಾರಿಲ್ಲ, ಪಾದಚಾರಿ ಮಾರ್ಗಕ್ಕೆ ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ ಹೇಳುವ ಕನಿಷ್ಠ 1.8 ಮೀಟರ್ ಇಲ್ಲ, ವಿದ್ಯುತ್ ಕಂಬಗಳು ಟಾರಿನ ನಡುವೆಯೇ ನಿಂತಿರುತ್ತವೆ. 2022ರ ಸೆಪ್ಟೆಂಬರಿನ ಮಳೆಗೆ ಸರ್ಜಾಪುರ ರಸ್ತೆ, ಬೆಳ್ಳಂದೂರು, ಹೊರವರ್ತುಲ ರಸ್ತೆಯ ಭಾಗಗಳು ಮುಳುಗಿದಾಗ ರಾಜಕಾಲುವೆಗಳ ಬಗ್ಗೆ ಆಡಿದ ಮಾತುಗಳು ಹೊಸ ಅಂದಾಜುಪಟ್ಟಿಗಳಲ್ಲಿ ಎಷ್ಟು ಉಳಿದಿವೆಯೋ ಕಾಣೆ. ಬಸ್ಸಿನ ವಿಚಾರವಂತೂ ಚರ್ಚೆಗೇ ಬರುವುದಿಲ್ಲ. ನೋಂದಾಯಿತ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿರುವ ನಗರದಲ್ಲಿ, ಬಸ್ ಓಡಾಟಕ್ಕೆ ಆದ್ಯತೆಯಿಲ್ಲದೆ ಅಗಲ ಮಾಡಿದ ರಸ್ತೆ ಎಷ್ಟು ದಿನ ಅಗಲವಾಗಿ ಉಳಿದೀತು?

ಈಗ ರಾಜಕೀಯದ ಮಾತು. ಬಿಬಿಎಂಪಿಯ 198 ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ಐದು ವರ್ಷಕ್ಕೂ ಮಿಕ್ಕಿದ ಕಾಲ ನಗರ ಚುನಾಯಿತ ಕೌನ್ಸಿಲ್ ಇಲ್ಲದೆ ನಡೆಯಿತು. ವಾರ್ಡುಗಳ ಸಂಖ್ಯೆ 243 ಎಂದರು, ನಂತರ 225 ಎಂದರು. 2025ರ ಸೆಪ್ಟೆಂಬರಿನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳಾದವು, ನಮ್ಮ ಭಾಗ ಬೆಂಗಳೂರು ಪೂರ್ವಕ್ಕೆ ಸೇರಿತು. ಈ ನಡುವಿನ ಅವಧಿಯಲ್ಲಿ ಯಾವ ರಸ್ತೆ ಅಗಲವಾಗಬೇಕು, ಯಾವುದು ಕಾಯಬೇಕು ಎಂಬ ತೀರ್ಮಾನ ಶಾಸಕರ ಮತ್ತು ಅಧಿಕಾರಿಗಳ ನಡುವೆಯೇ ಉಳಿಯಿತು. ಶಾಸಕರಿಗೆ ಮತ ಬೇಕು, ಆದ್ದರಿಂದ ಗುರುತು ಹಾಕಿಸಿದವರೇ ಮಾಲೀಕರ ಸಭೆಗೆ ಬಂದು ಒಂದು ಮನೆಯನ್ನೂ ಒಡೆಯಲು ಬಿಡುವುದಿಲ್ಲವೆಂದು ಭರವಸೆ ಕೊಟ್ಟು, ಅಪಾರ್ಟ್‌ಮೆಂಟ್ ನಿವಾಸಿಗಳ ಸಭೆಗೆ ಹೋಗಿ ಆರು ತಿಂಗಳಲ್ಲಿ ರಸ್ತೆ ಆಗುತ್ತದೆಂದು ಹೇಳುವುದನ್ನು ನಾವು ನೋಡುತ್ತ ಬಂದಿದ್ದೇವೆ. ಎರಡು ಸಭೆಗಳೂ ಒಂದೇ ಕಡೆ, ವಾರ್ಡ್ ಸಮಿತಿಯ ಎದುರು ನಡೆದಿದ್ದರೆ ಈ ಆಟ ಸಾಗುತ್ತಿರಲಿಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ವಾರ್ಡ್ ಸಮಿತಿಗಳನ್ನು ಹೇಳಿದ್ದು ಇಂಥ ಕೆಲಸಕ್ಕೇ. ಹಳೆಯ ಊರಿನವರಿಗೂ ಹೊಸ ಅಪಾರ್ಟ್‌ಮೆಂಟುಗಳವರಿಗೂ ನಡುವೆ ಬೆಳೆದಿರುವ ಕಹಿ, ಬಹುಮಟ್ಟಿಗೆ, ಇವರಿಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸದೆ ಹೋದುದರ ಫಲ.

ಆದ್ದರಿಂದ ಐದೂ ಪಾಲಿಕೆಗಳು ತಮ್ಮ ಬಜೆಟ್ಟಿನಲ್ಲಿ ಭೂ ಪರಿಹಾರಕ್ಕೆಂದೇ ಪ್ರತ್ಯೇಕ ಲೆಕ್ಕಶೀರ್ಷಿಕೆ ತೆರೆದು, ಆ ಮೊತ್ತಕ್ಕೆ ಎಷ್ಟು ಉದ್ದದ ರಸ್ತೆ ಸಾಧ್ಯವೋ ಅಷ್ಟನ್ನೇ ಆ ವರ್ಷ ಕೈಗೆತ್ತಿಕೊಳ್ಳಬೇಕು. 1,200 ಚದರ ಅಡಿ ಮತ್ತು ಅದಕ್ಕಿಂತ ಚಿಕ್ಕ ನಿವೇಶನಗಳವರಿಗೆ ನಗದು ಪರಿಹಾರವೇ ನಿಯಮವಾಗಲಿ, ಟಿಡಿಆರ್ ಬೇಕೆಂದವರಿಗೆ ಮಾತ್ರ ಅದು ಸಿಗಲಿ. ಅಂಗಡಿ ಕಳೆದುಕೊಳ್ಳುವ ಬಾಡಿಗೆದಾರರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅವರ ಮಾತನ್ನು ಇದುವರೆಗೆ ಯಾರೂ ಎತ್ತಿಲ್ಲ. ಹಣ ಒದಗಿಸಲಾಗದ, ಹದಿನೈದು ವರ್ಷಕ್ಕೂ ಹೆಚ್ಚು ಕಾಲದಿಂದ ನಕ್ಷೆಯಲ್ಲಷ್ಟೇ ಇರುವ ಗೆರೆಗಳ ಪಟ್ಟಿಯನ್ನು ಗ್ರೇಟರ್ ಬೆಂಗಳೂರು ಪ್ರಾಧಿಕಾರ ಪ್ರಕಟಿಸಿ, ಆಕ್ಷೇಪಣೆ ಆಲಿಸಿ, ಮುಂದಿನ ಮಾಸ್ಟರ್ ಪ್ಲಾನ್‌ನಲ್ಲಿ ಅವನ್ನು ಕೈಬಿಡಬೇಕು. ಜಂಟಿ ಸರ್ವೆಯ ಸ್ಕೆಚ್ಚು ವಾರ್ಡ್ ಕಚೇರಿಯ ಸೂಚನಾ ಫಲಕಕ್ಕೆ ಬಾರದ ಯಾವ ಅಗಲೀಕರಣಕ್ಕೂ ಟೆಂಡರು ಕರೆಯಕೂಡದೆಂದು ಸರ್ಕಾರ ಒಂದು ಸುತ್ತೋಲೆ ಹೊರಡಿಸಿದರೆ ಸಾಕು, ಅದಕ್ಕೆ ಹೊಸ ಕಾನೂನಿನ ಅಗತ್ಯವಿಲ್ಲ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಭೂಮಾಪಕ, ವರ್ತೂರು ಹೋಬಳಿ, ಬೆಂಗಳೂರು