ತಂಡದ ಔಷಧ ಪೆಟ್ಟಿಗೆಗೆ ಲೆಕ್ಕ ಬೇಕು: ಕ್ರೀಡಾ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಯುವ ಸಬಲೀಕರಣ ಮತ್ತು ಕ್ರೀಡಾ ಸಚಿವರಿಗೆ,

ತೀರ್ಥಹಳ್ಳಿಯ ನಿವೃತ್ತ ದೈಹಿಕ ಶಿಕ್ಷಕನ ವಂದನೆಗಳು.

ಸೋಮೇಶ್ವರದಿಂದ ಆಗುಂಬೆ ಘಾಟಿಯ 14 ತಿರುವುಗಳನ್ನು ಸೈಕಲ್ಲಿನಲ್ಲಿ ಏರಿ ಬರುವ ನಮ್ಮ ಮಕ್ಕಳನ್ನು ಕಂಡಾಗ ಹಿಗ್ಗುವ ನಾನು, ಈಗ ಆತಂಕದಿಂದ ಬರೆಯುತ್ತಿದ್ದೇನೆ. ನನ್ನ ತಂಗಿಯ 17 ವರ್ಷದ ಮಗ ಖಾಸಗಿ ತರಬೇತಿ ಶಿಬಿರವೊಂದರಿಂದ ತೋಳಿನ ಮೇಲೆ ಸೂಜಿಯ ಗುರುತಿನೊಂದಿಗೆ ಮರಳಿದ. ಕೇಳಿದ್ದಕ್ಕೆ, "ವಿಟಮಿನ್ ಅಂದ್ರು ಮಾವ, ಮನೇಲಿ ಹೇಳಬೇಡ ಅಂದ್ರು" ಎಂದ. ಚೀಟಿಯಿಲ್ಲ, ಬಾಟಲಿಯಿಲ್ಲ. ಅದು ನಿಷೇಧಿತ ಮದ್ದೆಂದು ನಾನು ಹೇಳುತ್ತಿಲ್ಲ. ಹೇಳಲು ನಮ್ಮ ಬಳಿ ದಾಖಲೆಯೇ ಇಲ್ಲ ಎಂಬುದೇ ನನ್ನ ದೂರು.

ವೃತ್ತಿಪರ ಸೈಕ್ಲಿಂಗಿನ ದೊಡ್ಡ ಮೋಸಗಳೆಲ್ಲ ಇಂಥ ಗುಟ್ಟಿನಲ್ಲೇ ಬೆಳೆದವು. 1998ರ ಜುಲೈನಲ್ಲಿ, ಟೂರ್ ಡಿ ಫ್ರಾನ್ಸ್ ಎಂಬ ಸೈಕಲ್ ಸ್ಪರ್ಧೆಯ ಆರಂಭಕ್ಕೆ ಮುನ್ನ, ಫೆಸ್ಟಿನಾ ತಂಡದ ಸಹಾಯಕ ವಿಲ್ಲಿ ವೊಯೆಟ್ ಅವರ ಕಾರಿನಲ್ಲಿ ಬೆಲ್ಜಿಯಂ ಗಡಿಯ ಬಳಿ ಇಪಿಒ ಮತ್ತಿತರ ಮದ್ದುಗಳ ರಾಶಿಯೇ ಸಿಕ್ಕಿತು. ಮದ್ದಿನ ವ್ಯವಸ್ಥೆಯನ್ನು ತಂಡವೇ ನಡೆಸುತ್ತಿತ್ತೆಂದು ಅದರ ವ್ಯವಸ್ಥಾಪಕರು ಒಪ್ಪಿಕೊಂಡರು. ಮೂತ್ರಪಿಂಡದ ರೋಗಿಗಳ ರಕ್ತಹೀನತೆಗೆಂದು ತಯಾರಾದ ಇಪಿಒ ಕೆಂಪು ರಕ್ತಕಣಗಳನ್ನು ಹೆಚ್ಚಿಸುತ್ತದೆ, ರಕ್ತವನ್ನು ಅಪಾಯಕಾರಿಯಾಗಿ ಗಟ್ಟಿಯಾಗಿಸಲೂಬಲ್ಲದು. ಆದರೂ ಅದನ್ನು ನೇರವಾಗಿ ಪತ್ತೆಹಚ್ಚುವ ಪರೀಕ್ಷೆ ಆಗಿನ್ನೂ ಬಳಕೆಗೆ ಬಂದಿರಲಿಲ್ಲ.

ಅಮೆರಿಕದ ಸೈಕಲ್ ಸ್ಪರ್ಧಿ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಪ್ರಕರಣವನ್ನು ತಾವು ವಿಶೇಷವಾಗಿ ಗಮನಿಸಬೇಕು. 1999ರಿಂದ 2005ರವರೆಗೆ ಏಳು ಟೂರ್ ಗೆದ್ದ ಅವರು ವರ್ಷಗಟ್ಟಲೆ ಪರೀಕ್ಷೆಗಳನ್ನೇ ತಮ್ಮ ಪ್ರಾಮಾಣಿಕತೆಯ ಸಾಕ್ಷಿಯೆಂದು ತೋರಿಸಿದರು. 1999ರಲ್ಲಿ ಕಾರ್ಟಿಸೋನ್ ಎಂಬ ನಿರ್ಬಂಧಿತ ಮದ್ದಿನ ಅಂಶ ಪತ್ತೆಯಾದಾಗ, ಹಿಂದಿನ ದಿನಾಂಕ ಹಾಕಿದ ವೈದ್ಯರ ಚೀಟಿಯಿಂದ ಅದನ್ನು ಮುಚ್ಚಿಹಾಕಲಾಯಿತೆಂದು ಅಮೆರಿಕದ ಉದ್ದೀಪನ ಮದ್ದು ತಡೆ ಸಂಸ್ಥೆಯ 2012ರ ವರದಿ ದಾಖಲಿಸಿದೆ. ಅವರನ್ನು ಉರುಳಿಸಿದ್ದು ಮೂತ್ರದ ಬಾಟಲಿಯಲ್ಲ. 11 ಮಂದಿ ಹಳೆಯ ಜೊತೆಗಾರರೂ ಸೇರಿ 26 ಜನರ ಪ್ರಮಾಣಪೂರ್ವಕ ಹೇಳಿಕೆ. ತಂಡದಲ್ಲಿ ಮಾಲೀಸು ಮಾಡುತ್ತಿದ್ದ ಎಮ್ಮಾ ಒ'ರೈಲಿ ಅದಕ್ಕೂ ಬಹಳ ಮೊದಲೇ ಬಾಯಿ ಬಿಟ್ಟು, ಮೊಕದ್ದಮೆಯನ್ನೂ ಹೀನಾಯ ನಿಂದನೆಯನ್ನೂ ಅನುಭವಿಸಿದ್ದರು. ಒಳಗಿನವರು ಮಾತಾಡಿದಾಗ ಅವರನ್ನು ಕಾಯುವವರಿದ್ದಿದ್ದರೆ ಆ ಸುಳ್ಳು ಅಷ್ಟು ವರ್ಷ ಬಾಳುತ್ತಿರಲಿಲ್ಲವೆಂದು ನಾನು ದೃಢವಾಗಿ ನಂಬುತ್ತೇನೆ.

ನಮ್ಮಲ್ಲಿ ಉದ್ದೀಪನ ಮದ್ದು ತಡೆಯುವ 2022ರ ರಾಷ್ಟ್ರೀಯ ಕಾಯ್ದೆಯಿದೆ, ಪರೀಕ್ಷಿಸಲು ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ (ನಾಡಾ) ಇದೆ. ಆದರೆ ದೇಹದಲ್ಲಿ ಸಿಕ್ಕ ಮದ್ದಿಗೆ ಮೊದಲ ಹೊಣೆಗಾರ ಕ್ರೀಡಾಪಟುವೇ; ಕೊಟ್ಟವರ ಕೈವಾಡಕ್ಕೆ ಬೇರೆಯೇ ಪುರಾವೆ ಬೇಕು. ಗುರುವೆಂದು ನಂಬಿ ತೋಳು ಚಾಚಿದ ಹಳ್ಳಿಯ ಹುಡುಗ ಆ ಪುರಾವೆಯನ್ನು ಎಲ್ಲಿಂದ ತಂದಾನು?

ಆದ್ದರಿಂದ, ಶಿವಮೊಗ್ಗ ಜಿಲ್ಲೆಯ ಪ್ರತಿ ತರಬೇತಿ ಶಿಬಿರವೂ ಮಕ್ಕಳಿಗೆ ಕೊಡುವ ಗುಳಿಗೆ, ಪುಡಿ, ಚುಚ್ಚುಮದ್ದುಗಳನ್ನು ಕೊಟ್ಟವರ ಸಹಿಯೊಂದಿಗೆ ದಾಖಲೆ ಪುಸ್ತಕದಲ್ಲಿ ಬರೆಯುವಂತೆ, ಅದರ ಪ್ರತಿ ಪೋಷಕರಿಗೆ ಸಿಗುವಂತೆ ತಾವು ಆದೇಶಿಸಬೇಕು. ವೈದ್ಯರ ಚೀಟಿಯಿಲ್ಲದೆ ಸೂಜಿ ಶಿಬಿರದೊಳಗೆ ಬರಕೂಡದು. ದೂರು ಕೇಳುವವರು ತರಬೇತುದಾರರಿಗಾಗಲಿ ಕ್ಲಬ್ಬಿಗಾಗಲಿ ಸೇರಿದವರಾಗಿರಬಾರದು. ದೂರು ಕೊಟ್ಟ ಹುಡುಗನನ್ನು ಆ ಕಾರಣಕ್ಕೆ ಆಯ್ಕೆಯಿಂದ ಕೈಬಿಟ್ಟರೆ ಅದನ್ನೂ ಅಪರಾಧವೆಂದೇ ಕಾಣಬೇಕು. ಮಳೆಗಾಲ ಮುಗಿದು ಶಿಬಿರಗಳು ಮತ್ತೆ ಶುರುವಾಗುವ ಮುನ್ನ ಈ ಆದೇಶ ಹೊರಡಲಿ ಎಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಕ, ತೀರ್ಥಹಳ್ಳಿ